ಮೂವತ್ತೊಂದನೇ ಸಾಲಿನ ಏಳು, ಎಂಟು

ಮಾರ್ವಿಕ್ ಊರಿನಲ್ಲಿ ತಟ್ಟೆಯ ಮೇಲಿನ ಕೊನೆಯ ಕೊಲಾಚಿಯನ್ನು ಯಾರೂ ತಿನ್ನುವುದಿಲ್ಲ. ಪ್ಲಮ್ ಹಣ್ಣಿನ ಪಾಕ ತುಂಬಿದ ಆ ಮೆತ್ತನೆಯ ಬನ್ನು ನೋಡಿ ಎಲ್ಲರ ಬಾಯಲ್ಲೂ ನೀರೂರುತ್ತದೆ, ಕೈ ಮಾತ್ರ ಮುಂದೆ ಹೋಗುವುದಿಲ್ಲ. ಒಬ್ಬರು ಅರ್ಧ ಕತ್ತರಿಸಿಕೊಳ್ಳುತ್ತಾರೆ, ಇನ್ನೊಬ್ಬರು ಉಳಿದದ್ದರಲ್ಲಿ ಅರ್ಧ, ಮತ್ತೊಬ್ಬರು ಅದರಲ್ಲೂ ಅರ್ಧ. ಕಡೆಗೆ ಉಗುರಿನಷ್ಟು ಚೂರು ಒಣಗಿ ಕಸದ ಬುಟ್ಟಿ ಸೇರುತ್ತದೆ. ಇದಕ್ಕೆ ನೆಬ್ರಾಸ್ಕದ ಆ ಕಡೆಯವರು ಮರ್ಯಾದೆ ಎನ್ನುತ್ತಾರೆ.

ಈ ಮರ್ಯಾದೆಯಲ್ಲಿ ಲವಾನ್ ಹ್ರುಸ್ಕಾಳನ್ನು ಮೀರಿಸಿದವರಿರಲಿಲ್ಲ. ಚರ್ಚಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕೊಲಾಚಿ ಬೇಯಿಸಿದ ಹೆಂಗಸು, ಯಾರಾದರೂ ಚೆನ್ನಾಗಿದೆ ಎಂದರೆ "ತಳ ಸ್ವಲ್ಪ ಸೀದಿದೆ" ಎಂದು ತಾನೇ ಕೊರತೆ ಹುಡುಕಿ ಕೊಡುತ್ತಿದ್ದಳು. ಇದು ತನ್ನದು ಎಂದು ಅವಳು ಬದುಕಿನಲ್ಲಿ ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಅದು ಕಾಲೇಜಿನ ಫುಟ್‌ಬಾಲ್ ಕ್ರೀಡಾಂಗಣದ ಪೂರ್ವದ ಗ್ಯಾಲರಿಯಲ್ಲಿ ಮೂವತ್ತೊಂದನೇ ಸಾಲಿನ ಏಳು ಮತ್ತು ಎಂಟನೇ ಸೀಟು.

ಸೀಟು ಎಂದರೆ ದೊಡ್ಡದೇನಲ್ಲ, ಉದ್ದನೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಎರಡು ಅಂಕಿ. ಆದರೆ ಮೈದಾನದ ನಟ್ಟನಡುವಿನ ಗೆರೆಗೆ ನೇರ ಎದುರು. ಮದುವೆಯಾದ ವರ್ಷ ಅವಳ ಗಂಡ ಎಮಿಲ್ ಅವನ್ನು ಹಿಡಿದಿದ್ದ. ಆ ವರ್ಷ 'ಕೊಕ್ಕರೆಗಳು' ಎಂಬ ಹೆಸರಿನ ಕಾಲೇಜಿನ ತಂಡ ಒಂದು ಆಟವನ್ನೂ ಗೆದ್ದಿರಲಿಲ್ಲವಾದ್ದರಿಂದ ಯಾರಿಗೆ ಯಾವ ಸೀಟು ಬೇಕಾದರೂ ಸಿಗುತ್ತಿತ್ತು. ಅಲ್ಲಿಂದ ನಲವತ್ತೊಂದು ವರ್ಷ, ಆಟದ ಕಾಲದ ಶನಿವಾರಗಳಲ್ಲಿ, ಗಂಡ ಹೆಂಡತಿ ಒಂದೇ ಕಂಬಳಿ ಹೊದ್ದು ಅಲ್ಲಿ ಕೂತರು. ಹೊಲದಲ್ಲಾಗಲಿ ಮನೆಯಲ್ಲಾಗಲಿ ಎಮಿಲ್ ತುಟಿ ಬಿಚ್ಚಿದವನಲ್ಲ. ಅಲ್ಲಿ ಮಾತ್ರ ಎದ್ದು ನಿಂತು ಕೂಗುತ್ತಿದ್ದ, ಅಳುತ್ತಿದ್ದ, ತಂಡ ಗೆದ್ದರೆ ಎಲ್ಲರ ಎದುರಿಗೇ ಹೆಂಡತಿಗೆ ಮುತ್ತು ಕೊಡುತ್ತಿದ್ದ. ಗೆಲ್ಲುವುದು ಅಪರೂಪವಾದ್ದರಿಂದ ಲವಾನ್‌ಗೆ ಒಂದೊಂದು ಮುತ್ತೂ ನೆನಪಿತ್ತು. ಅವನು ಸತ್ತ ಮೇಲೂ ಅವಳು ಎರಡು ಟಿಕೆಟ್ ಕೊಳ್ಳುವುದನ್ನು ಬಿಡಲಿಲ್ಲ. ಏಳರಲ್ಲಿ ತಾನು ಕೂತು, ಎಂಟರಲ್ಲಿ ಅವನ ಹಳೆಯ ಕೆಂಪು ದಿಂಬು ಇಡುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಇಂಜಿನಿಯರೊಬ್ಬ ಬಂದು ಗ್ಯಾಲರಿಯ ಕಂಬಗಳನ್ನು ಸುತ್ತಿಗೆಯಿಂದ ಬಡಿದ. ತುಕ್ಕು ಬಕೆಟ್ಟುಗಟ್ಟಲೆ ಉದುರಿತು. ಮರುವಾರವೇ ಕಾಲೇಜಿನ ದೇಣಿಗೆ ವಿಭಾಗದ ಟ್ರೆಂಟ್ ಆಲ್ವರ್ಡ್ ಚರ್ಚಿನ ಸಭಾಂಗಣದಲ್ಲಿ ಊರವರನ್ನು ಸೇರಿಸಿದ. ಟ್ರೆಂಟ್‌ನ ನಗು ಮೊದಲು ಒಳಗೆ ಬರುತ್ತಿತ್ತು, ಅವನು ಆಮೇಲೆ ಬರುತ್ತಿದ್ದ.

"ನೋಡಿ, ಮುಚ್ಚುಮರೆ ಬೇಡ," ಎಂದ. "ಅರವತ್ತು ಲಕ್ಷ ಡಾಲರ್ ಸೇರ್ತು ಅಂದ್ರೆ ನವೀಕರಣ. ಸೇರ್ಲಿಲ್ಲ ಅಂದ್ರೆ ಪೂರ್ವದ ಗ್ಯಾಲರಿ ಕೆಡವಿ ಕಾರು ನಿಲ್ಸೋ ಜಾಗ ಮಾಡ್ತೀವಿ. ಬೇರೆ ದಾರಿ ಇಲ್ಲ."

 ಎಮಿಲ್ ಕೂಗುತ್ತಿದ್ದ ಜಾಗದಲ್ಲಿ ಯಾರದೋ ಪಿಕಪ್ ಟ್ರಕ್ಕು ಎಣ್ಣೆ ಸೋರಿಸಿಕೊಂಡು ನಿಲ್ಲುವುದು ಲವಾನ್‌ಗೆ ಸಹಿಸಲಾರದ ಮಾತಾಗಿತ್ತು. ಮಕ್ಕಳಿಲ್ಲ ಮರಿಯಿಲ್ಲ, ಎಮಿಲ್ ಬಿಟ್ಟುಹೋದ ಎಂಬತ್ತು ಎಕರೆ ಜೋಳದ ಹೊಲವನ್ನು ಪಕ್ಕದವರು ಗುತ್ತಿಗೆಗೆ ಮಾಡುತ್ತಿದ್ದರು. ಮರುದಿನ ಬೆಳಿಗ್ಗೆ ಅವಳು ಎದ್ದು ವಕೀಲ ಮೈಲೊ ಕುಬಿಚೆಕ್‌ನ ಕಚೇರಿಗೆ ಹೋದಳು. ಮೈಲೊ ಇಪ್ಪತ್ತು ವರ್ಷ ಅವರ ಹಿಂದಿನ ಸಾಲಿನಲ್ಲೇ ಕೂತು ಎಮಿಲ್‌ನ ಕೂಗಾಟ ಕೇಳಿದವನು.

"ಹೊಲ ಮಾರಿಬಿಡು. ಬಂದಿದ್ದೆಲ್ಲ ಕ್ರೀಡಾಂಗಣಕ್ಕೆ," ಎಂದಳು.

ಮೈಲೊ ಕನ್ನಡಕ ತೆಗೆದ. "ಎಂಟು ಲಕ್ಷಕ್ಕೆ ಕಮ್ಮಿ ಬರಲ್ಲ ಕಣೇ. ತಲೆ ಸರಿಯಿದ್ಯಾ?"

"ತಲೆ ಸರಿಯಾಗೇ ಇದೆ. ನೀನು ಚೆಕ್ಕು ಬರಿ."

"ಕೊಟ್ಟೋರು ಯಾರು ಅಂತ ಬರೀಲಿ? ಆ ಗ್ಯಾಲರಿಗೇ ನಿನ್ನ ಹೆಸರು ಇಡ್ತಾರೆ."

"ಅಯ್ಯೋ, ಬೇಡಪ್ಪಾ! ಹೆಸರು ಯಾಕೆ? ಜನ ಏನಂದ್ಕೊಂಡಾರು! ಒಬ್ಬ ಹಿತೈಷಿ ಅಂತ ಬರಿ ಸಾಕು. ನೀನೂ ಯಾರ ಹತ್ರಾನೂ ಬಾಯಿ ಬಿಡಬಾರ್ದು."

ಮೈಲೊ ಹೊಲವನ್ನು ದೂರದ ಊರಿನ ಕಂಪನಿಗೆ ಸದ್ದಿಲ್ಲದೆ ಮಾರಿದ, ಪಕ್ಕದವರ ಗುತ್ತಿಗೆ ಹಾಗೇ ಮುಂದುವರಿಯಿತು. ಅವನು ಬಾಯಿ ಬಿಡಲಿಲ್ಲ. ಆದರೆ ಚೆಕ್ಕು ಊರಿನಲ್ಲೆಲ್ಲ ಬಾಯಿ ಬಿಟ್ಟಿತು. ಯಾರೋ ಹೆಸರಿಲ್ಲದವನು ಎಂಟು ಲಕ್ಷ ಕೊಟ್ಟ ಮೇಲೆ ಹೆಸರಿದ್ದವರು ಸುಮ್ಮನಿರುವುದು ಹೇಗೆ? ಹಿಟ್ಟಿನ ಗಿರಣಿಯವರು ದೇಣಿಗೆ ಕೊಟ್ಟು ತಮ್ಮ ಹೆಸರಿಗೆ ಅಂಕಫಲಕ ಹಿಡಿದರು, ಬ್ಯಾಂಕಿನವರು ಹೆಬ್ಬಾಗಿಲು ಹಿಡಿದರು. ಕೊಳಾಯಿ ಕೆಲಸದ ಡೊಲೆಜಾಲ್ ಮನೆತನದವರಿಗೆ ಕೊನೆಗೆ ಉಳಿದದ್ದು ಗಂಡಸರ ಶೌಚಾಲಯ. "ನಮಗೆ ಹೆಸರು ಗಿಸರು ಏನೂ ಬೇಡವಾಗಿತ್ತು, ಅವರೇ ಬಲವಂತ ಮಾಡಿದ್ರು" ಎಂದು ಹೇಳುತ್ತಲೇ ಅವರು ಬಾಗಿಲ ಮೇಲಿನ ಫಲಕದ ಅಕ್ಷರ ಸ್ವಲ್ಪ ದಪ್ಪ ಇರಲಿ ಎಂದು ಎರಡು ಸಲ ಫೋನು ಮಾಡಿದರು. ಹೀಗೆ ಅರವತ್ತು ಲಕ್ಷ ಸೇರಿತು.

ಹಿತೈಷಿ ಯಾರು ಎಂಬುದೇ ಊರಿನ ಮುಖ್ಯ ಮಾತಾಯಿತು. ಎಲ್ಲರ ಕಣ್ಣು ಕಾರು ಮಾರುವ ಗಾರ್ಡಿ ವಾಂಡರ್‌ಲಿಪ್‌ನ ಮೇಲೆ ಬಿತ್ತು. "ನಾನಲ್ಲಪ್ಪಾ, ನನ್ನನ್ನ ಬಿಟ್ಬಿಡಿ" ಎಂದು ಅವನು ನೆಲ ನೋಡಿಕೊಂಡು ನಕ್ಕ. ಅವನಲ್ಲ ಎಂಬುದು ಸತ್ಯವೇ ಆಗಿತ್ತು. ಆದರೆ ಮಾರ್ವಿಕ್‌ನಲ್ಲಿ ಅಷ್ಟು ನಯವಾಗಿ ಇಲ್ಲ ಎಂದರೆ ಹೌದು ಎಂದೇ ಲೆಕ್ಕ. ಆ ವಸಂತದಲ್ಲಿ ಅವನ ಟ್ರಕ್ಕುಗಳು ಬಿಸಿ ದೋಸೆಯಂತೆ ಖರ್ಚಾದವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುತ್ತಾರೆ. ಇಲ್ಲಿ ಈರಭದ್ರ ಇಸಕೊಳ್ಳುವ ಶ್ರಮವನ್ನೂ ಪಡಲಿಲ್ಲ. ಲವಾನ್ ಇದನ್ನೆಲ್ಲ ಕೇಳಿಸಿಕೊಂಡು ಒಳಗೊಳಗೇ ನಗುತ್ತಿದ್ದಳು. ತನ್ನ ಎರಡು ಅಂಕಿ ಉಳಿದರೆ ಸಾಕು, ಹೆಸರು ಯಾರಿಗಾದರೂ ಹೋಗಲಿ.

ಜುಲೈನಲ್ಲಿ ಕಾಲೇಜಿನಿಂದ ಪತ್ರ ಬಂತು. ಹೊಸ ಗ್ಯಾಲರಿಯಲ್ಲಿ ಹಲಗೆಗಳಿಲ್ಲ, ಬೆನ್ನಿಗೆ ಒರಗುವ ಕುರ್ಚಿಗಳಿವೆ. ಯಾರು ಎಷ್ಟು ದೇಣಿಗೆ ಕೊಟ್ಟರೋ ಅಷ್ಟು ಅಂಕ, ಅಂಕದ ಸರದಿಯಂತೆ ಸೀಟು. ಲವಾನ್ ಹ್ರುಸ್ಕಾ ತನ್ನ ಹೆಸರಿನಲ್ಲಿ ಕೊಟ್ಟದ್ದು ಒಂದು ಇಟ್ಟಿಗೆಯ ಬೆಲೆ, ಐವತ್ತು ಡಾಲರ್. ಅದೂ ಎಮಿಲ್‌ನ ಹೆಸರು ಕೆತ್ತಿಸಲು. ಆದ್ದರಿಂದ ಆಕೆಯ ಸರದಿ ಆರುನೂರ ಹನ್ನೆರಡನೆಯದು. ದಕ್ಷಿಣದ ಮೂಲೆ, ನಾಲ್ಕನೇ ಸಾಲು, ದೀಪದ ಕಂಬದ ಹಿಂದೆ.

ಲವಾನ್ ಪತ್ರವನ್ನು ಮೂರು ಸಲ ಓದಿದಳು. ಉಳಿಸಿಕೊಳ್ಳಲೆಂದು ಹೊಲ ಮಾರಿದ್ದಳು, ಆ ಹೊಲದ ದುಡ್ಡೇ ಕುರ್ಚಿಯಾಗಿ ಅವಳನ್ನು ಎಬ್ಬಿಸಿತ್ತು. ಅವಳು ಪತ್ರವನ್ನು ಚೀಲಕ್ಕೆ ಹಾಕಿಕೊಂಡು ನೇರ ಟ್ರೆಂಟ್‌ನ ಕೋಣೆಗೆ ಹೋದಳು.

"ಮಿಸೆಸ್ ಹ್ರುಸ್ಕಾ! ನಿಮ್ ಕೊಲಾಚಿ ಇಲ್ದೆ ಈ ಊರಿಗೆ ಶನಿವಾರಾನೇ ಆಗಲ್ಲ ನೋಡಿ," ಎಂದ ಟ್ರೆಂಟ್.

"ಹೋದ ವಾರದ್ದು ತಳ ಸೀದಿತ್ತು," ಎಂದಳು ಲವಾನ್, ಅಭ್ಯಾಸಬಲದಿಂದ. ಆಮೇಲೆ ಪತ್ರ ತೆಗೆದಳು. "ಮೂವತ್ತೊಂದನೇ ಸಾಲಿನ ಏಳು, ಎಂಟು ಯಾರಿಗೆ ಬಂದಿದೆ?"

"ಓ, ಅದು ಯಾರಿಗೂ ಇಲ್ಲ ಮೇಡಂ." ಟ್ರೆಂಟ್ ದನಿ ತಗ್ಗಿಸಿದ, ಚರ್ಚಿನಲ್ಲಿ ತಗ್ಗಿಸುವ ಹಾಗೆ. "ಅಂಕದಲ್ಲಿ ಮೊದಲನೇ ಸರದಿ ಆ ಹಿತೈಷಿಯದ್ದು. ಅವರು ಬಂದು ಆರಿಸ್ಕೊಳ್ಳಲಿಲ್ಲ. ಅದಕ್ಕೆ ಸಮಿತಿಯವರೇ ಅವರ ಪರವಾಗಿ ಎಲ್ಲಕ್ಕಿಂತ ಒಳ್ಳೇ ಎರಡು ಸೀಟು ಆರಿಸಿದ್ರು. ಅವರ ಗೌರವಕ್ಕೆ ಅವು ಎಂದೆಂದಿಗೂ ಖಾಲಿ."

ಲವಾನ್ ಪತ್ರವನ್ನು ಮಡಚಿದಳು. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಅವಳು ತನ್ನ ಬಗ್ಗೆ ಒಂದು ದೊಡ್ಡ ಮಾತು ಹೇಳಿದಳು.

"ಹಾಗಾದ್ರೆ ಅವು ನಂದೇ. ದುಡ್ಡು ಕೊಟ್ಟೋಳು ನಾನೇ."

ಟ್ರೆಂಟ್ ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದಾಯಿತು. ಮೇಜಿನ ಮೇಲೆ ಬಗ್ಗಿ ಅವಳ ಕೈ ತಟ್ಟಿದ.

"ಈ ವಾರ ಹಿಂಗಂದೋರಲ್ಲಿ ನೀವು ಐದನೆಯವರು ಮಿಸೆಸ್ ಹ್ರುಸ್ಕಾ. ಏನೂ ಬೇಜಾರಿಲ್ಲ, ಹಳೇ ಸೀಟು ಅಂದ್ರೆ ಎಲ್ಲರಿಗೂ ಆಸೆ ಇದ್ದೇ ಇರತ್ತೆ. ಆದ್ರೆ ನೀವೇ ಯೋಚ್ನೆ ಮಾಡಿ. ನಿಜವಾದ ಹಿತೈಷಿ ಆಗಿದ್ರೆ ಹಿಂಗೆ ಬಂದು ನಾನೇ ಅಂತ ಹೇಳ್ಕೊಳ್ತಿದ್ರಾ? ತುಂಬಿದ ಕೊಡ ತುಳುಕಲ್ಲ."

ಲವಾನ್ ಕೂಡ ಅದನ್ನೇ ನಂಬಿದ್ದವಳು. ಅಂಗಡಿಯಲ್ಲಿ ಕದಿಯುವಾಗ ಸಿಕ್ಕಿಬಿದ್ದವಳಂತೆ ಮುಖ ಕೆಂಪಾಯಿತು.

"ತಮಾಷೆಗೆ ಅಂದೆ," ಎಂದು ಎದ್ದಳು.

"ನನಗೆ ಗೊತ್ತಾಯ್ತು ಬಿಡಿ," ಎಂದ ಟ್ರೆಂಟ್ ದೊಡ್ಡ ಮನಸ್ಸಿನಿಂದ.

ಮೈಲೊ ವಿಷಯ ಕೇಳಿ ಮೇಜು ಗುದ್ದಿದ. "ಒಂದು ಫೋನು ಮಾಡ್ತೀನಿ, ಮುಗೀತು. ನೀನು ಹೂಂ ಅನ್ನು ಸಾಕು."

"ಬೇಡ. ಸೀಟಿಗೋಸ್ಕರ ದುಡ್ಡು ಕೊಟ್ಳು ಅಂತಾರೆ."

"ಸೀಟಿಗೋಸ್ಕರಾನೇ ತಾನೇ ನೀನು ಕೊಟ್ಟಿದ್ದು?"

"ಹೌದು. ಅದಕ್ಕೇ ಹೇಳಬಾರ್ದು."

ಮೈಲೊ ಮೂವತ್ತೈದು ವರ್ಷ ವಕೀಲಿಕೆ ಮಾಡಿದವನು. ಕೈಗೆತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟ.

ಸೆಪ್ಟೆಂಬರಿನ ಮೊದಲ ಶನಿವಾರ ಹೊಸ ಕ್ರೀಡಾಂಗಣ ತೆರೆಯಿತು. ಲವಾನ್ ಕತ್ತಲಿರುವಾಗಲೇ ಎದ್ದು ಹದಿನಾಲ್ಕು ಡಜನ್ ಕೊಲಾಚಿ ಬೇಯಿಸಿ ಚರ್ಚಿನ ಅಂಗಡಿಗೆ ಒಪ್ಪಿಸಿ, ಹನ್ನೆರಡನ್ನು ತನಗೆಂದು ಡಬ್ಬಿಗೆ ಹಾಕಿಕೊಂಡಳು. ಕಂಕುಳಲ್ಲಿ ಕೆಂಪು ದಿಂಬು. ಬಾಗಿಲಲ್ಲಿ ಅವಳ ಟಿಕೆಟ್ಟು ನೋಡಿದವರು ದಕ್ಷಿಣದ ಮೂಲೆಯ ಕಡೆ ಕೈ ತೋರಿಸಿದರು. ಅವಳ ಕಾಲು ಮಾತ್ರ ಪೂರ್ವಕ್ಕೆ ಹೊರಟಿತು. ಒಂದೊಂದೇ ಮೆಟ್ಟಿಲು ಹತ್ತಿ ಮೂವತ್ತೊಂದನೇ ಸಾಲಿಗೆ ಬಂದಳು.

ಏಳು ಮತ್ತು ಎಂಟರ ಸುತ್ತ ರೇಷ್ಮೆಯ ಹಗ್ಗ ಕಟ್ಟಿದ್ದರು. ಹಿತ್ತಾಳೆ ಫಲಕದ ಮೇಲೆ 'ಹೆಸರು ಬಯಸದ ಹಿತೈಷಿಗೆ, ಕೃತಜ್ಞ ಮಾರ್ವಿಕ್' ಎಂದಿತ್ತು. ಏಳರ ಮೇಲೆ ಯಾರೋ ಹೂಗುಚ್ಛ ಇಟ್ಟಿದ್ದರು, ಯಾರೋ ತಂಡದ ಟೊಪ್ಪಿ, ಇನ್ಯಾರೋ ಕಾಗದದ ತಟ್ಟೆಯಲ್ಲಿ ಒಂದು ಕೊಲಾಚಿ. ಅದು ತಾನೇ ಬೆಳಿಗ್ಗೆ ಬೇಯಿಸಿದ್ದೆಂದು ಲವಾನ್ ಅಂಚಿನ ಮಡಿಕೆಯಿಂದಲೇ ಗುರುತಿಸಿದಳು. ಪಕ್ಕದಲ್ಲಿ ಕೆಂಪು ಕೋಟು ತೊಟ್ಟ ಮುದುಕನೊಬ್ಬ ಕಾವಲು ನಿಂತಿದ್ದ. ಪಕ್ಕದೂರಿನ ನಿವೃತ್ತ ಅಂಚೆಯವನು, ಸ್ವಯಂಸೇವೆಗೆ ಬಂದವನು.

ಲವಾನ್ ಹಗ್ಗ ಎತ್ತಿದಳು.

"ಮೇಡಂ, ಮೇಡಂ! ಅಲ್ಲಿ ಕೂರೋ ಹಾಗಿಲ್ಲ."

"ಒಂದೇ ನಿಮಿಷ ಕೂತು ಎದ್ದುಬಿಡ್ತೀನಿ."

"ಅರ್ಧ ನಿಮಿಷಾನೂ ಇಲ್ಲ. ಇದು ಆ ಪುಣ್ಯಾತ್ಮರ ಜಾಗ."

"ಅವರೇನೂ ಅಂದ್ಕೊಳ್ಳಲ್ಲ ಬಿಡಿ."

"ಅವರು ನಿಮಗೇನು ಪರಿಚಯಾನಾ?"

ಹಿಂದಿನ ಸಾಲಿನಲ್ಲಿ ಹೊಸ ಕುರ್ಚಿಗೆ ಒರಗಿದ್ದ ಗಾರ್ಡಿ ವಾಂಡರ್‌ಲಿಪ್ ಇದನ್ನು ಕೇಳಿ ವಿನಯದಿಂದ ನೆಲ ನೋಡಿದ. ಸುತ್ತಲಿನವರು ಮೆಚ್ಚುಗೆಯಿಂದ ಅವನನ್ನು ನೋಡಿದರು. ಲವಾನ್ ಬಾಯಿ ತೆರೆದಳು. ಟ್ರೆಂಟ್ ಕೈ ತಟ್ಟಿದ್ದು ನೆನಪಾಯಿತು, ಬಾಯಿ ಮುಚ್ಚಿದಳು.

"ಇಲ್ಲ," ಎಂದಳು.

ಮುದುಕನಿಗೆ ಅಯ್ಯೋ ಎನಿಸಿರಬೇಕು. "ಕಾಣಿಕೆ ಏನಾದ್ರೂ ಇಡೋದಿದ್ರೆ ಇಟ್ಟು ಹೋಗಿ. ಅದಕ್ಕೆ ಅಡ್ಡಿಯಿಲ್ಲ. ಯಾರೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ."

ಲವಾನ್ ಎಂಟನೇ ಸೀಟಿನ ಮೇಲೆ ಎಮಿಲ್‌ನ ದಿಂಬು ಇಟ್ಟಳು. ಅದು ಸ್ವಲ್ಪ ವಾಲಿತು. ಎಮಿಲ್ ಕೂರುತ್ತಿದ್ದುದೂ ವಾಲಿಕೊಂಡೇ. ಮುದುಕ ಅದನ್ನು ನೇರ ಮಾಡಿ ಹಗ್ಗ ಬಿಗಿದ.

ದೀಪದ ಕಂಬದ ಹಿಂದೆ ಅವಳ ಪಕ್ಕದ ಕುರ್ಚಿಯಲ್ಲಿ ಮೈಲೊ ಬಂದು ಕೂತಿದ್ದ. ಅವನಿಗೆ ಪೂರ್ವದಲ್ಲೇ ಒಳ್ಳೆಯ ಸೀಟು ಬಂದಿತ್ತು, "ಅಲ್ಲಿ ಬಿಸಿಲು" ಎಂದು ಸುಳ್ಳು ಹೇಳಿದ. ಕಂಬದ ದೆಸೆಯಿಂದ ಇಬ್ಬರಿಗೂ ಮೈದಾನದ ಅರ್ಧ ಮಾತ್ರ ಕಾಣುತ್ತಿತ್ತು. ಕೊಕ್ಕರೆಗಳು ಗೆದ್ದದ್ದು ಇನ್ನರ್ಧದಲ್ಲಿ. ಜನರ ಕೂಗಿನಿಂದಲೇ ಅದು ಅವರಿಗೆ ತಿಳಿಯಿತು.

ಇಡೀ ಕ್ರೀಡಾಂಗಣ ಎದ್ದು ನಿಂತಿತು. ಲವಾನ್ ಚೀಲದಿಂದ ದುರ್ಬೀನು ತೆಗೆದು, ಮೈದಾನದ ಕಡೆ ಹಿಡಿಯದೆ ಮೂವತ್ತೊಂದನೇ ಸಾಲಿಗೆ ಹಿಡಿದಳು. ಕುಣಿಯುವ ಜನರ ನಡುವೆ ಕೆಂಪು ದಿಂಬು ಒಂದೇ ಸುಮ್ಮನೆ ಕೂತಿತ್ತು. ಕಾವಲುಗಾರ ಎರಡೂ ಕೈ ಚಾಚಿ ಅದನ್ನು ಕಾಯುತ್ತಿದ್ದ. ಅವಳಿಗೆ ದುಃಖ ಉಕ್ಕಿ ಬಂತು.

"ಗೆದ್ದ ದಿನ ನನ್ನನ್ನ ಇಲ್ಲಿ ಬಿಟ್ಟು ಒಬ್ಬನೇ ಕೂತಿದ್ದಾನೆ ನೋಡು," ಎಂದಳು. "ಅದೂ ಎಂಟು ಲಕ್ಷದ ಸೀಟಲ್ಲಿ."

ಮೈಲೊ ಡಬ್ಬಿ ಅವಳ ಮುಂದೆ ಹಿಡಿದ. ಆಟ ನಡೆಯುವಾಗ ಅದು ಅಕ್ಕಪಕ್ಕದವರಿಗೆಲ್ಲ ಸುತ್ತಿ ಬಂದಿತ್ತು, ಒಂದೇ ಕೊಲಾಚಿ ಉಳಿದಿತ್ತು. ಅವನು ಜೇಬಿನಿಂದ ಸಣ್ಣ ಚಾಕು ತೆಗೆದ.

"ಅರ್ಧ ತಗೊಳ್ತೀಯಾ?"

ಲವಾನ್ ಚಾಕುವನ್ನು ಪಕ್ಕಕ್ಕೆ ಸರಿಸಿದಳು. ಆ ಕೊನೆಯ ಕೊಲಾಚಿಯನ್ನು ಇಡಿಯಾಗಿ ಎತ್ತಿ, ಯಾರನ್ನೂ ಕೇಳದೆ, ನಾಲ್ಕನೇ ಸಾಲಿನವರೆಲ್ಲ ಗೆಲುವನ್ನು ಮರೆತು ತನ್ನನ್ನೇ ನೋಡುತ್ತಿರುವಾಗ, ನಿಧಾನವಾಗಿ ಪೂರ್ತಿ ತಿಂದಳು. ತುಟಿಯ ಮೇಲಿನ ಪಾಕವನ್ನು ಬೆರಳಿನಿಂದ ಒರೆಸಿಕೊಂಡಳು.

"ಚೆನ್ನಾಗಿ ಮಾಡಿದ್ದೀನಿ," ಎಂದಳು.