ಬಾವಿಯಿಂದ ಇಪ್ಪತ್ತು ಹೆಜ್ಜೆ

"ಅಕ್ಕಾ, ಚಪ್ಪಲಿ ಬಿಡಿ. ಬಳೇನೂ ತೆಗ್ದ್‌ಬಿಡಿ, ಒಡೆದ್ರೆ ಕೈಗ್ ಚುಚ್ಕೊಳುತ್ತೆ" ಎಂದಳು ಗಾಡಿಯ ಸೀಟುಗಳಿಗೆ ಜನರನ್ನು ಕೂರಿಸುತ್ತಿದ್ದ ಮೇಘನ.

ಆದಿಲಕ್ಷ್ಮಿ ಬಳೆ ತೆಗೆದು ಅವಳ ಕೈಗೆ ಕೊಟ್ಟಳು. ಹುಟ್ಟಿದಾಗಿನಿಂದ ಪ್ಯಾಂಟು ಕಾಣದವಳು, ಆಟದ ಪಾರ್ಕಿನ ಕಕ್ಕಸು ತೊಳೆಯುವ ಕೆಲಸಕ್ಕೆ ಸೇರಿದ ಮೇಲೆ ನೀಲಿ ಪ್ಯಾಂಟು ಹಾಕುತ್ತಿದ್ದಳು. ಅದರಿಂದ ಆದ ಉಪಕಾರ ಇದೊಂದೇ. ಸೀರೆಯವರನ್ನು ಈ ಗಾಡಿಗೆ ಹತ್ತಿಸುತ್ತಿರಲಿಲ್ಲ.

ಜನರಿಗೆ ತೆರೆಯುವ ಮುಂಚೆ ಕೆಲಸದವರನ್ನೇ ಕೂರಿಸಿ ಒಂದು ದಿನ ಓಡಿಸಿ ನೋಡುತ್ತಿದ್ದರು. ಬೋರ್ಡಿನಲ್ಲಿ ಏನೋ ಇಂಗ್ಲಿಷ್ ಹೆಸರಿತ್ತು. ಕೆಲಸದವರ ಬಾಯಲ್ಲಿ ಅದು 'ಹಾರೋ ಗಾಡಿ'. ಕೂತ ಮೇಲೆ ಸೀಟು ಮುಂದಕ್ಕೆ ವಾಲಿ ಮನುಷ್ಯ ಬೋರಲಾಗುತ್ತಾನೆ. ಬೆನ್ನು ಆಕಾಶಕ್ಕೆ, ಮುಖ ನೆಲಕ್ಕೆ. ಬೇರೆಯವರು ಹೆದರುತ್ತಿದ್ದದ್ದು ಅದಕ್ಕೆ. ಆದಿಲಕ್ಷ್ಮಿ ಬಂದದ್ದೂ ಅದಕ್ಕೇ.

ಆ ಗಾಡಿ ಓಡುವ ಕಂಬಿಗಳ ಕೆಳಗಿನ ನೆಲ ಒಂದು ಕಾಲಕ್ಕೆ ಅವರ ಹಿಪ್ಪುನೇರಳೆ ತೋಟವಾಗಿತ್ತು. ಅದರಲ್ಲಿ, ಏಳನೇ ವಯಸ್ಸಿಗೇ ಜ್ವರ ಬಂದು ಹೋದ ಮಗ ನಂದೀಶನ ಸಮಾಧಿಯಿತ್ತು. ಸುತ್ತಲಿನವರೆಲ್ಲ ಕೊಟ್ಟ ಮೇಲೆ ಇವರೂ ಪಾರ್ಕಿನವರಿಗೆ ಜಮೀನು ಕೊಟ್ಟರು, ಸಮಾಧಿ ಮುಟ್ಟಬಾರದು ಎಂಬ ಮಾತಿನ ಮೇಲೆ. ಆ ಮಾತು ಕಾಗದದಲ್ಲಿರಲಿಲ್ಲ. ಬಾಯಿಮಾತು ನಂಬಿ ಹೆಬ್ಬೆಟ್ಟು ಒತ್ತುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಈಗ ಆ ನೆಲದ ಸುತ್ತ ಬೇಲಿ. ಒಳಗೆ ಕಾವಲಿನವರು ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. ಅವಳ ಗಂಡ ಕದಿರೇಶ ಅಲ್ಲಿನ ಕಾವಲಿನವನು.

ಎರಡು ವರ್ಷದಿಂದ ಪಿತೃಪಕ್ಷದ ಅಮಾವಾಸ್ಯೆಗೆ, ಹುಡುಗ ಹೋದ ದಿನಕ್ಕೆ, ಅವಳು ಡಬ್ಬಿಯಲ್ಲಿ ಎಡೆ ಕಟ್ಟಿ ಗಂಡನ ಕೈಗೆ ಕೊಡುತ್ತಿದ್ದಳು. ಪಾಯಸ, ವಡೆ, ನಂದಿಗೆ ಪ್ರಾಣವಾಗಿದ್ದ ಪುರಿ ಉಂಡೆ. ಸಂಜೆ ಖಾಲಿ ಡಬ್ಬಿ ಬರುತ್ತಿತ್ತು. "ಸುತ್ತ ಕಲ್ಲು ಕಟ್ಟವ್ರೆ ಕಣೇ, ನೀಟಾಗೈತೆ" ಎನ್ನುತ್ತಿದ್ದ. ಅವಳಿಗೆ ಅದನ್ನೊಮ್ಮೆ ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಬೆಳಿಗ್ಗೆ ಅವಳು ಸಾಲಿನಲ್ಲಿ ನಿಂತದ್ದು ಕಂಡು ಕದಿರೇಶ ಓಡಿ ಬಂದಿದ್ದ. "ನಿಂಗ್ ತಲೆ ತಿರುಗ್ತೈತೆ, ಬ್ಯಾಡ ಬಾ. ವದ್ದು ಲಕ್ಷ್ಮೀ, ವದ್ದು." ಗಾಬರಿಯಾದಾಗ ಅವನಿಗೆ ಬರುವುದು ಅವ್ವನ ತೆಲುಗು. ತಲೆ ತಿರುಗುವುದಕ್ಕೆ ಇಷ್ಟು ಗಾಬರಿಯೇ ಎಂದು ಅವಳಿಗೆ ಆಗಲೇ ಅನ್ನಿಸಿತ್ತು.

"ಹಿಡಿಕೆ ಬಿಡ್ಬೇಡಿ ಅಕ್ಕಾ" ಎಂದು ಮೇಘನ ಎದೆಯ ಪಟ್ಟಿ ಬಿಗಿದಳು. ಸೀಟು ವಾಲಿತು. ಗಾಡಿ ಸರಪಳಿಯ ಮೇಲೆ ಕಟಕಟ ಎನ್ನುತ್ತ ನಿಧಾನವಾಗಿ ಹತ್ತತೊಡಗಿತು.

ಮೊದಲು ಅವಳು ದಿನಾ ತೊಳೆಯುವ ಕಕ್ಕಸುಗಳ ಶೀಟಿನ ಛಾವಣಿ ಕಂಡಿತು. ಆಮೇಲೆ ಅವರ ಹಳೆಯ ಪಂಪ್‌ಮನೆ, ಈಗ ಬಣ್ಣದ ಡಬ್ಬಗಳನ್ನಿಡುವ ಕೋಣೆ. ಇನ್ನೂ ಮೇಲೇರಿದಾಗ ಬಾವಿ ಕಂಡಿತು. ಮೇಲೆ ಕಬ್ಬಿಣದ ಮುಚ್ಚಳ ಹಾಕಿದ್ದರೂ ಅದರ ದುಂಡು ಹಾಗೇ ಇತ್ತು. ಬಾವಿಯಿಂದ ಪಂಪ್‌ಮನೆ ಕಡೆಗೆ ಇಪ್ಪತ್ತು ಹೆಜ್ಜೆ ಇಟ್ಟರೆ ನಂದಿಯ ಸಮಾಧಿ. ಎಷ್ಟು ವರ್ಷ ನಡೆದ ದಾರಿ! ಕಣ್ಣಲ್ಲೇ ಎಣಿಸಿದಳು.

ಇಪ್ಪತ್ತಕ್ಕೆ ಕಲ್ಲಿರಲಿಲ್ಲ. ಎರಡಾಳು ಆಳದ ಉದ್ದನೆಯ ಗುಂಡಿಯಿತ್ತು. ಗೋಡೆಗೆಲ್ಲ ಸಿಮೆಂಟು. ಕಂಬಿ ಒಂದು ಕಡೆಯಿಂದ ಅದರೊಳಕ್ಕೆ ಇಳಿದು ಇನ್ನೊಂದು ಕಡೆ ಮೇಲೆ ಬರುತ್ತಿತ್ತು. ಎತ್ತರದಿಂದ ಹೆಜ್ಜೆ ಚಿಕ್ಕದಾಗಿ ಕಂಡಿರಬೇಕು ಎಂದುಕೊಂಡು ಮತ್ತೆ ಎಣಿಸಿದಳು. ಎರಡನೇ ಸಲವೂ ಗುಂಡಿಗೇ ಬಂದು ನಿಂತಳು. ಅಷ್ಟರಲ್ಲಿ ಸರಪಳಿ ಬಿಟ್ಟಿತು.

ಎಲ್ಲರೂ ಕಿರುಚಿದರು. ಗುಂಡಿ ಮುಖದ ಮೇಲೇ ಬರುತ್ತಿತ್ತು. ಅವಳು ಹಿಡಿಕೆ ಬಿಟ್ಟು ಎರಡೂ ಕೈ ಕೆಳಕ್ಕೆ ಚಾಚಿದಳು. ಅವತ್ತು ಎದೆಮಟ್ಟ ತೋಡಿ ಮಗುವನ್ನು ಮಲಗಿಸಿದ್ದರು. ಗಾಡಿ ಅದಕ್ಕಿಂತ ಕೆಳಗೆ ಹೋಯಿತು. ಸಿಮೆಂಟಿನ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಕೈಗೆ ಏನೂ ತಾಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಬೆಳಕು.

ಇಳಿಯುವ ಕಡೆ ಕದಿರೇಶ ಅವಳ ಚಪ್ಪಲಿ ಹಿಡಿದು ನಿಂತಿದ್ದ. ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಅಲ್ಲಿದ್ ಮಣ್ಣು ಏನಾಯ್ತು?" ಎಂದಳು.

"ನಾನ್ ಡ್ಯೂಟಿಗ್ ಬರೋ ಹೊತ್ಗೆ ಜೇಸಿಬಿ ಬಂದೋಗಿತ್ತು. ಲಾರಿಗ್ ತುಂಬ್ಬಿಟ್ಟಿದ್ರು."

"ಎಲ್ಗೆ?"

"ಇಟ್ಗೆ ಗೂಡ್ಗೆ. ಹುಡುಕ್ಕೊಂಡ್ ಹೋದೆ ಕಣೇ. ಮೂರ್ ಗೂಡು ತಿರುಗ್ದೆ. ಅಷ್ಟೊತ್ಗೆಲ್ಲಾ ಕಲ್ಸಿ ಅಚ್ಚಿಗ್ ಹಾಕ್ಬುಟ್ಟಿದ್ರು."

ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು ಅವಳಿಗೆ. ಮಾಲೂರಿನ ದಾರಿಯಲ್ಲಿ ಹೊಗೆಯಾಡುವ ಗೂಡುಗಳನ್ನು ದಿನಾ ಬಸ್ಸಿನಿಂದ ನೋಡುತ್ತಿದ್ದಳು.

"ಮತ್ತೆ ನಾನ್ ಕಳಿಸ್ತಿದ್ ಎಡೆ?"

ಅವನು ಚಪ್ಪಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನಾನೇ ತಿಂದೆ. ಬಿಸಾಕಕ್ಕೆ ಮನಸ್ ಬರ್ಲಿಲ್ಲ. ಆ ಗುಂಡಿ ದಡದಾಗ್ ಕೂತ್ಕಂಡು ಅಷ್ಟೂ ನಾನೇ ತಿಂದೆ ಲಕ್ಷ್ಮೀ." ಯೂನಿಫಾರ್ಮು ಹಾಕಿದ ಗಂಡಸು ಎಲ್ಲರೆದುರು ಅಳತೊಡಗಿದ.

ಅವಳು ಚಪ್ಪಲಿ ಇಸಿದುಕೊಳ್ಳಲಿಲ್ಲ. ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದು, ಸುತ್ತು ಹಾಕಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು.

"ಇನ್ನೊಂದ್ ಸಲಾನಾ? ಧೈರ್ಯ ಅಂದ್ರೆ ನಿಮ್ದೇ ಅಕ್ಕಾ!" ಎಂದು ಮೇಘನ ನಗುತ್ತ ಪಟ್ಟಿ ಬಿಗಿದಳು. "ಹಿಡಿಕೆ ಗಟ್ಟಿಯಾಗ್ ಹಿಡ್ಕೊಳಿ."

"ಹೂಂ" ಎಂದಳು ಆದಿಲಕ್ಷ್ಮಿ. ಸೀಟು ವಾಲುವ ಮೊದಲೇ ಅವಳ ಎರಡೂ ಕೈ ಕೆಳಕ್ಕೆ ಚಾಚಿದ್ದವು.