ತೊಂಬತ್ತಾರು ಪರ್ಸೆಂಟ್ ಡಾಕ್ಟರು

"ನೂರಕ್ಕೆ ತೊಂಬತ್ತಾರು, ಬರ್ನಿ! ಥಾರ್ನ್‌ಬರೋ ಕಾಲೇಜಿನ ನೂರು ಜನರಲ್ಲಿ ತೊಂಬತ್ತಾರು ಜನಕ್ಕೆ ಮೆಡಿಕಲ್ ಸೀಟು! ಸಿಗದೆ ಇರ್ಬೇಕು ಅಂದ್ರೇನೇ ಕಷ್ಟಪಡ್ಬೇಕು ನೋಡು," ಅಂತ ನನ್ನ ತಮ್ಮ ಕಾಜ್ ಕೈ ಬೀಸಿದ. ಸೂಜಿ ತಪ್ಪಿತು.

"ಅಲ್ಲಾಡಬೇಡ ಅಂದಿದ್ನಲ್ಲ? ನರ ಜಾರಿತು. ಇನ್ನೊಂದು ಕೈ ಕೊಡು."

"ತಾಳು ಮಾರಾಯ್ತಿ. ಉಸಿರಾಡೋಕೆ ಬಿಡು."

ಅಮೆರಿಕದ ಎರಿ ಊರಿನ ಈ ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಜನರ ರಕ್ತ ತೆಗೆಯುತ್ತಿದ್ದೇನೆ. ಸೂಜಿಗೆ ಹೆದರುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಸೂಜಿಗೆ ಹೆದರುತ್ತಾ ಡಾಕ್ಟರಾಗಲು ಹೊರಟವನು ನಮ್ಮ ಮನೆಯಲ್ಲೇ ಹುಟ್ಟಬೇಕಿತ್ತು.

ಕಾಜ್‌ಗೆ ಮೂವತ್ತಾರು ವರ್ಷ. ಓದಿದ್ದು ನಾಟಕ, ಹೊಟ್ಟೆಪಾಡು ಹಾಸಿಗೆ ಕಂಪನಿಗೆ ಜಾಹೀರಾತು ಬರೆಯುವುದು. ಹೋದ ವರ್ಷ ಆಫೀಸಿನ ಮೀಟಿಂಗಿನಲ್ಲಿ ಒಬ್ಬಾಕೆ ತಲೆತಿರುಗಿ ಬಿದ್ದಳು. ಇವನು ಅವಳ ಕೈ ಹಿಡಿದು ಕೂತನಂತೆ. ಆವತ್ತೇ ತಾನು ಹುಟ್ಟಿರೋದು ಯಾತಕ್ಕೆ ಅಂತ ಇವನಿಗೆ ಗೊತ್ತಾಯಿತು. ಆಂಬುಲೆನ್ಸಿನವರು ಬಂದು ಮೊದಲು ಮಾಡಿದ ಕೆಲಸ ಇವನನ್ನು ಪಕ್ಕಕ್ಕೆ ಸರಿಸಿದ್ದು. ಅದನ್ನು ಇವನು ಹೇಳುವುದಿಲ್ಲ, ಬಿದ್ದ ಹೆಂಗಸೇ ನನಗೆ ಹೇಳಿದಳು.

ನಾಟಕ ಓದಿದವನನ್ನು ಮೆಡಿಕಲ್ ಕಾಲೇಜು ಬಾಗಿಲಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ. ಮೊದಲು ಕೆಮಿಸ್ಟ್ರಿ, ಫಿಸಿಕ್ಸು, ಬಯಾಲಜಿ ಮುಗಿಸಬೇಕು. ಹೀಗೆ ತಡವಾಗಿ ಜ್ಞಾನೋದಯ ಆದವರಿಗೆಂದೇ ಕೋರ್ಸುಗಳಿವೆ. ಕಾಜ್ ಎದುರಿಗೆ ಎರಡು ದಾರಿ. ಒಂದು ಥಾರ್ನ್‌ಬರೋ: ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಏಳು ಗಂಟೆ ಕಾರು ಓಡಿಸಿಕೊಂಡು ಹೋಗಿ, ಒಂದೇ ವರ್ಷದಲ್ಲಿ ಎಲ್ಲ ಮುಗಿಸುವುದು. ಇನ್ನೊಂದು ನಮ್ಮೂರ ಸರ್ಕಾರಿ ಕಾಲೇಜು: ಸಂಜೆ ಕ್ಲಾಸು, ಮೂರು ವರ್ಷ, ಕೆಲಸ ಇದ್ದ ಹಾಗೇ ಇರುತ್ತದೆ. ಥಾರ್ನ್‌ಬರೋಗೆ ಇವತ್ತು ಐದು ಗಂಟೆಯೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಎಲ್ಲಿಗೆ ಸೇರಿದರೂ ಕಾಮಾಲೆ ಲಸಿಕೆ ಮೈಗೆ ಹತ್ತಿದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆ ಮಾಡಿಸಲೇಬೇಕು. ಅದಕ್ಕೇ ನಾಲ್ಕು ಗಂಟೆಗೆ ನನ್ನ ಕುರ್ಚಿಯಲ್ಲಿ ಕೂತಿದ್ದ.

ರಕ್ತದ ಟ್ಯೂಬು ಇನ್ನೂ ಬರಲಿಲ್ಲವಲ್ಲ ಅಂತ ಒಳಗಿನ ಲ್ಯಾಬಿನಿಂದ ಓಡೆಲ್ ಹೊರಬಂದ. ಎರಡು ವರ್ಷದಿಂದ ನಮ್ಮಲ್ಲಿದ್ದಾನೆ. ಟ್ಯೂಬುಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸುತ್ತಾನೆ, ಮಾತು ಕಡಿಮೆ.

"ಥಾರ್ನ್‌ಬರೋ ಅಂದಹಾಗೆ ಕೇಳಿಸ್ತು," ಅಂದ. "ಬಿಳಿ ಕೋಟು ಹಾಕ್ಕೊಂಡು ಎಲ್ಲರೂ ಮೆಟ್ಟಿಲ ಮೇಲೆ ನಗ್ತಾ ನಿಂತಿರೋ ಫೋಟೋ ಅವರ ವೆಬ್‌ಸೈಟಲ್ಲಿ ಇನ್ನೂ ಇದೆಯಾ?"

ಕಾಜ್ ಫೋನ್ ತೆಗೆದು ನೋಡಿದ. "ಇದೆ."

"ಎಡಗಡೆಯಿಂದ ಮೂರನೆಯವನು ನಾನು."

ನಾವಿಬ್ಬರೂ ಬಗ್ಗಿ ನೋಡಿದೆವು. ಓಡೆಲ್ಲೇ! ಅಷ್ಟು ಹಲ್ಲು ಬಿಟ್ಟದ್ದನ್ನು ನಾನು ಈ ಎರಡು ವರ್ಷದಲ್ಲಿ ಕಂಡಿಲ್ಲ.

"ಮತ್ತೆ... ನೀವು ಡಾಕ್ಟರು..." ಕಾಜ್ ತಡವರಿಸಿದ.

"ಕಮಿಟಿ ಪತ್ರ ಕೊಡ್ಲಿಲ್ಲ. ಅಲ್ಲಿ ಓದಿದವರ ಪರವಾಗಿ ಕಾಲೇಜಿನ ಕಮಿಟಿ ಒಂದು ಶಿಫಾರಸು ಪತ್ರ ಬರೀಬೇಕು. ಅದಿಲ್ದೆ ಅರ್ಜಿ ಹಾಕಿದ್ರೆ, ನಿಮ್ಮ ಕಾಲೇಜೇ ನಿಮ್ಮನ್ನ ನಂಬ್ಲಿಲ್ವಾ ಅಂತಾರೆ. ನನಗೆ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ನಂಬರು ಕಮ್ಮಿ ಬಂತು. ಕರೆದು ಕೂರಿಸಿ, ಬಿಸ್ಕತ್ತು ಕೊಟ್ಟು, 'ನಿಮ್ಮ ಸಮಯ ಇನ್ನೂ ಬಂದಿಲ್ಲ' ಅಂದ್ರು. ತುಂಬ ಒಳ್ಳೇ ಬಿಸ್ಕತ್ತು."

"ಛೆ. ಅಂದ್ರೆ ನೀವು ಆ ಉಳಿದ ನಾಲ್ಕು ಪರ್ಸೆಂಟಿನಲ್ಲಿ ಒಬ್ರು," ಅಂತ ಕಾಜ್ ಮರುಗಿದ.

"ಅಲ್ಲಪ್ಪ, ಅದರಲ್ಲೂ ನಾನಿಲ್ಲ! ಪತ್ರ ಸಿಕ್ಕಿದವರನ್ನ ಮಾತ್ರ ಲೆಕ್ಕ ಹಿಡೀತಾರೆ. ನಮ್ಮ ವರ್ಷ ಸೇರಿದವರು ಐವತ್ತು. ಪತ್ರ ಸಿಕ್ಕಿದ್ದು ಇಪ್ಪತ್ತೈದು ಜನಕ್ಕೆ. ಅವರಲ್ಲಿ ಇಪ್ಪತ್ನಾಲ್ಕು ಜನಕ್ಕೆ ಸೀಟು. ತೊಂಬತ್ತಾರು ಪರ್ಸೆಂಟ್ ಆಯ್ತಲ್ಲ? ಉಳಿದ ಇಪ್ಪತ್ತೈದು ಜನ ಹುಟ್ಟೇ ಇಲ್ಲ. ನಾನು ಹೈಸ್ಕೂಲಲ್ಲಿ ಚರಿತ್ರೆ ಮೇಷ್ಟ್ರಾಗಿದ್ದೆ, ಬಿಟ್ಟು ಹೋಗಿದ್ದೆ. ವಾಪಸ್ ಬರೋ ಹೊತ್ತಿಗೆ ನನ್ನ ಮೇಜಲ್ಲಿ ಬೇರೆ ಯಾರೋ ಕೂತಿದ್ರು."

ನನಗೆ ನಗು ತಡೆಯಲಾಗಲಿಲ್ಲ. "ಲೋ ಕಾಜ್, 'ನಮ್ಮ ಹಾಸಿಗೆಯಲ್ಲಿ ನೂರಕ್ಕೆ ತೊಂಬತ್ತೆಂಟು ಜನ ಸುಖನಿದ್ರೆ ಮಾಡ್ತಾರೆ' ಅಂತ ಬರೆದವನು ನೀನೇ ಅಲ್ವೇನೋ? ಹಾಸಿಗೆ ವಾಪಸ್ ಕೊಟ್ಟವರನ್ನ ಕೇಳಲೇ ಇಲ್ಲ ಅಂತ ಹಬ್ಬದೂಟದಲ್ಲಿ ಟರ್ಕಿ ಕೋಳಿ ಕಾಲು ಕಡೀತಾ ನಮಗೆಲ್ಲ ಹೇಳಿ ನಕ್ಕಿದ್ಯಲ್ಲೋ!"

"ಅದು ಹಾಸಿಗೆ ಕಣೇ. ಇದು ವಿದ್ಯೆ."

"ನಮ್ಮೂರ ಕಾಲೇಜಿನವರು ಎಷ್ಟು ಪರ್ಸೆಂಟ್ ಅಂತಾರೆ?"

"ಅವರು ಲೆಕ್ಕಾನೇ ಇಟ್ಟಿಲ್ವಂತೆ! ಫೋನ್ ಮಾಡಿದ್ರೆ ಕಾರ್ ಪಾರ್ಕಿಂಗ್ ವಿಷಯ ಹೇಳಿದ್ರು."

"ನಿನ್ನ ಹರ್ನಿಯಾ ಹೊಲಿದ ಡಾಕ್ಟರ್ ಪ್ರೂಯಿಟ್ ಓದಿದ್ದು ಅಲ್ಲೇ ಕಣೋ. ಹಗಲು ಶಾಲೆ ಬಸ್ಸು ಓಡಿಸೋಳು, ಸಂಜೆ ಕ್ಲಾಸಿಗೆ ಹೋಗೋಳು."

"ಪಾಪ, ಆಕೆಗೆ ಬೇರೆ ದಾರಿ ಇರ್ಲಿಲ್ಲ," ಅಂದ ಕಾಜ್. ಹೊಲಿಸಿಕೊಂಡ ಜಾಗವನ್ನು ತನಗೆ ಗೊತ್ತಿಲ್ಲದೆ ಸವರಿಕೊಂಡ.

ನಾನು ಮಾತು ನಿಲ್ಲಿಸಿ ಅವನ ಎಡಗೈಗೆ ರಬ್ಬರ್ ಪಟ್ಟಿ ಕಟ್ಟಿದೆ. ಎರಡು ಟ್ಯೂಬು ತುಂಬುವವರೆಗೂ ಅವನು ತುಟಿ ಬಿಚ್ಚಲಿಲ್ಲ. ನಮ್ಮ ಕಾಜ್ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ನಮ್ಮಮ್ಮ ತೀರಿಕೊಂಡಾಗ ಮಾತ್ರ. ಬುದ್ಧಿ ಬಂತು ಅಂದುಕೊಂಡೆ. ಟ್ಯೂಬುಗಳನ್ನು ಓಡೆಲ್ ಕೈಗೆ ಕೊಟ್ಟೆ. ಸೂಜಿ ತೆಗೆದು, ಹತ್ತಿ ಇಟ್ಟು, "ಗಟ್ಟಿಯಾಗಿ ಒತ್ತಿ ಹಿಡ್ಕೋ," ಅಂದೆ.

ಅವನು ಹತ್ತಿ ಒತ್ತಿಕೊಂಡು ಓಡೆಲ್ ಕಡೆ ತಿರುಗಿದ. "ಕೆಮಿಸ್ಟ್ರಿ ನೀವು ದಿನಕ್ಕೆ ಎಷ್ಟು ಗಂಟೆ ಓದ್ತಿದ್ರಿ?"

"ಆರು."

"ಹಾಂ! ಅದೇ ನೋಡಿ!" ಕಾಜ್ ಮುಖ ಅರಳಿತು. "ನಾನು ಎಂಟು ಓದ್ತೀನಿ."

"ನಾನೂ ನನ್ನ ಹಿಂದಿನ ವರ್ಷ ಪತ್ರ ಸಿಗದೆ ಹೋದವನಿಗೆ ಹಾಗೇ ಅಂದಿದ್ದೆ," ಅಂದ ಓಡೆಲ್. "ಅವನು ಓದಿದ್ದು ನಾಲ್ಕು."

ಕಾಜ್‌ಗೆ ಅದು ಕೇಳಿಸಿತೋ ಇಲ್ಲವೋ. ಹತ್ತಿ ಬಿಟ್ಟು, ತೊಡೆಯ ಮೇಲಿದ್ದ ಫೋನನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿದ. ಪರದೆಯ ತುಂಬ ಬಣ್ಣಬಣ್ಣದ ಕಾಗದದ ಚೂರುಗಳು ಸುರಿದವು, ನಡುವೆ 'ಥಾರ್ನ್‌ಬರೋ ಕುಟುಂಬಕ್ಕೆ ಸ್ವಾಗತ' ಅಂತ ದಪ್ಪಕ್ಷರ. ಮೊಣಕೈ ಸಂದಿನಿಂದ ರಕ್ತ ಜಿನುಗಿ, ಮಣಿಕಟ್ಟಿನವರೆಗೆ ಇಳಿದು, ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು. ಅದನ್ನು ನೋಡಿದವನೇ ಕಾಜ್ ಬಿಳಿಚಿಕೊಂಡು ಕುರ್ಚಿಯಲ್ಲೇ ವಾಲಿದ. ಓಡೆಲ್ ಟ್ಯೂಬುಗಳನ್ನು ನನ್ನ ಕೈಗೆ ಕೊಟ್ಟು, ಅವನ ತೋಳನ್ನು ಮೇಲೆತ್ತಿ, ಹೊಸ ಹತ್ತಿ ಇಟ್ಟು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ನಿಂತ.