ಮೊದಲು ಕೈ ಚಾಚಿದವನು

ನಮ್ಮ ಅಂಗಡಿಯಲ್ಲಿ ಹಳೇ ಸೋಫಾಗಳಿಗೆ ಹೊಸ ಬಟ್ಟೆ ಹಾಕುತ್ತೇವೆ. ಅಪ್ಪ ಸ್ಪಂಜು ಕತ್ತರಿಸಿ ತುಂಬುತ್ತಾನೆ, ಚಿಕ್ಕಪ್ಪ ಮೊಳೆ ಹೊಡೆಯುತ್ತಾನೆ, ನಾನು ಕವರ್ ಹೊಲಿಯುತ್ತೇನೆ. ಈ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಯಾಕೆ ಬಿಟ್ಟರೋ ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಬಿಟ್ಟದ್ದಷ್ಟೇ ನೆನಪಿದೆ. ಅಜ್ಜಿ ಇರುವವರೆಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅವಳು ದಾಟಿಸುತ್ತಿದ್ದಳು. ಅವಳು ಹೋದಮೇಲೆ ನನ್ನನ್ನು ಶಾಲೆ ಬಿಡಿಸಿದರು. ನನ್ನ ಹೊಲಿಗೆ ಯಂತ್ರ ಇರುವುದು ಇಬ್ಬರ ನಡುವೆ.

ಟೀವಿ ಮಾತ್ರ ಇಬ್ಬರಿಗೂ ಬೇಕು. ಯಾವ ದೇಶದ ನಾಯಕ ಎಲ್ಲಿ ಎಡವಿದ, ಯಾರು ನಗುನಗುತ್ತಲೇ ಕತ್ತು ಕೊಯ್ದ ಅಂತ ತೀರ್ಪು ಕೊಡುವುದರಲ್ಲಿ ಇವರನ್ನು ಬಿಟ್ಟರಿಲ್ಲ.

ಅವತ್ತು ಎರಡು ದೇಶಗಳ ಅಧ್ಯಕ್ಷರು ಮಾತುಕತೆಗೆ ಸೇರಿದ್ದರು.

"ಚಿಕ್ಕಪ್ಪನಿಗೆ ಹೇಳು," ಅಂದ ಅಪ್ಪ, "ಆ ಬೋಳುತಲೆಯವನು ಮೊದಲು ಕೈ ಚಾಚಿದ. ಅಲ್ಲಿಗೆ ಮುಗೀತು, ಅರ್ಧ ದೇಶ ಕೊಟ್ಟ ಹಾಗೇ."

"ಚಿಕ್ಕಪ್ಪಾ, ಬೋಳುತಲೆಯವನು ಸೋತನಂತೆ."

"ನಿಮ್ಮಪ್ಪನಿಗೆ ಹೇಳು, ಚಾಚಿದವನೇ ಜಾಣ. ಆ ಕನ್ನಡಕದವನನ್ನ ನೋಡು, ಮುಖ ಗಂಟು ಹಾಕ್ಕೊಂಡು ಕೂತಿದಾನೆ. ಎದುರಿಗಿರೋನನ್ನ ಮಾತಾಡಿಸೋಕೆ ಬರಲ್ಲ, ದೇಶ ಆಳ್ತಾನಂತೆ!"

ಬಾಗಿಲಲ್ಲಿ ನಿಂತಿದ್ದ ಕರ್ಟನ್ ಅಂಗಡಿಯ ಅಕ್ಕ ಕಿಸಕ್ಕನೆ ನಕ್ಕಳು.

ಅವಳು ತನ್ನ ಕುರ್ಚಿಗಳನ್ನು ಒಯ್ಯಲು ಪಕ್ಕದ ಊರಿಂದ ಬಂದಿದ್ದಳು. ನನ್ನ ಹೊಲಿಗೆ ನೋಡಿ ಕೆಲಸಕ್ಕೆ ಕರೆದಿದ್ದಳು, ಇರಲು ಕೋಣೆಯನ್ನೂ ಕೊಡುತ್ತೇನೆ ಅಂದಿದ್ದಳು. ಕುರ್ಚಿಗಳನ್ನು ಗಾಡಿಗೆ ಏರಿಸುವಷ್ಟರಲ್ಲಿ ನಾನು ಮನೆಯವರನ್ನು ಒಪ್ಪಿಸಬೇಕು. ಇಲ್ಲದಿದ್ದರೆ ನಾಳೆಯೇ ಬೇರೆಯವಳು ಬರುತ್ತಾಳೆ.

"ಏನೇ, ಕೇಳಿದ್ಯಾ?" ಅಂದಳು ಅಕ್ಕ.

ಇಷ್ಟು ವರ್ಷ ಇನ್ನೊಬ್ಬರ ಮಾತನ್ನೇ ಆಡಿದವಳು, ಯಂತ್ರ ನಿಲ್ಲಿಸಿ ನನ್ನದನ್ನು ಆಡಿದೆ.

"ಅಪ್ಪಾ, ಅಕ್ಕನ ಅಂಗಡಿಗೆ ಕೆಲಸಕ್ಕೆ ಹೋಗ್ಲಾ?"

ಅಪ್ಪ ಕತ್ತರಿ ಕೆಳಗಿಟ್ಟ. "ಚಿಕ್ಕಪ್ಪನಿಗೆ ಹೇಳು, ಅವನು ಹೂಂ ಅಂದ್ರೆ ನಂದೇನೂ ಅಡ್ಡಿ ಇಲ್ಲ ಅಂತ."

"ನಿಮ್ಮಪ್ಪ ಮೊದಲು ಹೂಂ ಅನ್ಲಿ. ನೀನು ಅವನ ಮಗಳು."

ಅಪ್ಪನ ಕಡೆ ತಿರುಗಿದೆ. ಚಿಕ್ಕಪ್ಪನ ಕಡೆ ತಿರುಗಿದೆ. ಹೊರಗೆ ಕುರ್ಚಿಗಳಿಗೆ ಹಗ್ಗ ಬಿಗಿಯುತ್ತಿದ್ದರು.

ಅಕ್ಕನ ತಾಳ್ಮೆ ಕೆಟ್ಟಿತು. "ಅಲ್ರೀ, ಅವಳು ಹೋದ್ರೆ ನೀವಿಬ್ರೇ ನೇರವಾಗಿ ಮಾತಾಡ್ಕೊಳ್ಳಿ. ನಾಲಿಗೆ ಏನು ಸವೆದುಹೋಗುತ್ತಾ?"

ಸುತ್ತಿಗೆಯ ಸದ್ದು ನಿಂತಿತು. ನಾನಿಲ್ಲದ ಅಂಗಡಿ ಇಬ್ಬರ ಕಣ್ಣಿಗೂ ಒಟ್ಟಿಗೇ ಕಟ್ಟಿರಬೇಕು.

"ಅಣ್ಣಾ," ಅಂದ ಚಿಕ್ಕಪ್ಪ, ನೆಲ ನೋಡಿಕೊಂಡೇ. ನನಗೆ ಬುದ್ಧಿ ಬಂದಾಗಿನಿಂದ ಆ ಮಾತು ಅವನ ಬಾಯಲ್ಲಿ ಕೇಳಿರಲಿಲ್ಲ. "ಇವಳನ್ನ ಕಳಿಸೋದು ಬೇಡ."

"ಬೇಡ," ಅಂದ ಅಪ್ಪ. "ನೀನು ಹೇಳೋದು ಸರಿ."

ಅಕ್ಕ ನನ್ನನ್ನೊಮ್ಮೆ ನೋಡಿ ಗಾಡಿ ಹತ್ತಿದಳು.

"ಈಗ ನೀವೇ ಮಾತಾಡ್ಕೊಂಡ್ರಲ್ಲ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇನ್ನು ನಾನ್ಯಾಕೆ?"

ಕದ್ದು ಸಿಕ್ಕಿಬಿದ್ದವರಂತೆ ಒಬ್ಬ ಗೋಡೆ ನೋಡಿದ, ಒಬ್ಬ ಟೀವಿ ನೋಡಿದ. ಹೊರಟ ಗಾಡಿ ಎಬ್ಬಿಸಿದ ಧೂಳೆಲ್ಲ ಒಳಗೆ ನುಗ್ಗಿತು.

"ಚಿಕ್ಕಪ್ಪನಿಗೆ ಹೇಳು," ಅಂದ ಅಪ್ಪ, "ಬಾಗಿಲು ಹಾಕೋಕೆ."

ಚಿಕ್ಕಪ್ಪನಿಗೆ ಕೇಳಿಸಿತ್ತು. ಆದರೂ ಏಳಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ಕೂತ. ನಾನು ಹೇಳಲಿಲ್ಲ. ಮೂವರೂ ಕೆಮ್ಮುತ್ತ ಹಾಗೇ ಕೂತಿದ್ದೆವು.